ಸಹಾಯ ಬೇಕು: ಹತ್ತು ಅಂಗಡಿ ನಡುವೆ ನಮ್ಮ ಇಳಕಲ್ ಸೀರೆ ಬೇರೆ ಅಂತ ಹೇಗೆ ಹೇಳೋದು?

ನಮಸ್ಕಾರ ರೀ. ಬಾಗಲಕೋಟೆ ಜಿಲ್ಲೆ ಇಳಕಲ್ ನಮ್ಮೂರು. ಮನೆಯಲ್ಲಿ ಎರಡು ಕೈಮಗ್ಗ ಇವೆ. ಈಗ ವಾಟ್ಸಾಪಿನಲ್ಲಿ ಸೀರೆ ಮಾರಲು ಶುರು ಮಾಡಿದ್ದೇನೆ.

ತೊಂದರೆ ಏನಂದ್ರೆ, ಎಲ್ಲರ ಬೋರ್ಡಿನ ಮೇಲೂ 'ಅಸಲಿ ಇಳಕಲ್' ಅಂತಲೇ ಇದೆ. ಪವರ್‌ಲೂಮ್ ಸೀರೆಗೂ ಅದೇ ಹೆಸರು. ಫೋಟೋದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಗಿರಾಕಿ ಕೇಳೋದು ಒಂದೇ: "ಅಲ್ಲಿ ಅರ್ಧ ರೇಟಿಗೆ ಸಿಗ್ತದಲ್ಲ?"

ನಮ್ಮದರಲ್ಲಿ ಒಡಲಿನ ಹಾಸು (ಮಗ್ಗದ ಉದ್ದ ಎಳೆಗಳು) ಮತ್ತು ಸೆರಗಿನ ಹಾಸನ್ನು ಕೊಂಡಿ ಹಾಕಿ, ಅಂದ್ರೆ ಎಳೆಗೆ ಎಳೆ ಸಿಕ್ಕಿಸಿ, ಜೋಡಿಸುತ್ತೇವೆ. ಅವ್ವ ಕನ್ನಡಕ ಏರಿಸಿಕೊಂಡು ಒಂದೊಂದೇ ಎಳೆ ಕೂಡಿಸುತ್ತಾಳೆ. ಆಮೇಲೆ ಕೆಂಪು ಸೆರಗಿನ ಮೇಲೆ ಬಿಳಿ ತೋಪು ತೆನಿ ಚಿತ್ತಾರ. ಸೆರಗು ಶುರುವಾಗುವ ಕಡೆ ಬೆರಳಾಡಿಸಿದರೆ ಕೊಂಡಿ ಕೈಗೆ ಸಿಗುತ್ತದೆ. ಆದರೆ ಮೊಬೈಲಿನಲ್ಲಿ ಬೆರಳಾಡಿಸೋದು ಹೇಗೆ ಹೇಳಿ!

ಇಳಕಲ್ ಸೀರೆಗೆ ಜಿಐ (ಊರಿನ ಹೆಸರಿಗೆ ಸಿಗುವ ಭೌಗೋಳಿಕ ಗುರುತು) ಇದೆ, ಆದರೆ ಅದು ಊರಿನ ಎಲ್ಲ ನೇಕಾರರದ್ದು. ನಮ್ಮ ಮನೆಯದೇ ಗುರುತು ಬೇಕಲ್ವಾ? ಲೋಗೋಗೆ ದುಡ್ಡು ಸುರಿಯೋದು ಸುಮ್ನೆ ಅನಿಸುತ್ತದೆ. ಅವ್ವ ಕೊಂಡಿ ಹಾಕುವ ಸಣ್ಣ ವಿಡಿಯೋ, ಪ್ರತಿ ಸೀರೆ ಜೊತೆ ನೇಯ್ದವರ ಹೆಸರಿನ ಚೀಟಿ, ಇಷ್ಟು ಯೋಚಿಸಿದ್ದೇನೆ.

ಇಂಥದ್ದು ಮಾಡಿ ನೋಡಿದವರು ಇದ್ದೀರಾ? 'ಕೊಂಡಿ' ಅನ್ನೋದನ್ನೇ ಹೆಸರಾಗಿ ಇಟ್ಟರೆ ಬೆಂಗಳೂರಿನವರಿಗೆ ತಿಳಿಯುತ್ತಾ? ರೇಟು ಇಳಿಸು ಅಂತ ಮಾತ್ರ ಹೇಳಬೇಡಿ ರೀ.