ಭಾವನ 2012ರ ಬಿಎಂಡಬ್ಲ್ಯು 520ಡಿ ತಗೊಳ್ಳಬಹುದಾ? ಖರ್ಚು ಎಷ್ಟು ಬರಬಹುದು?

ಕೊಟ್ಟಾರದವ:

ನಮಸ್ಕಾರ. ನನ್ನ ಭಾವ ಹೊಸ ಕಾರು ಬುಕ್ ಮಾಡಿದ್ದಾರೆ, ಹಳೆಯದನ್ನು ನನಗೇ ಕೊಡುತ್ತೇನೆ ಅನ್ನುತ್ತಿದ್ದಾರೆ. 2012ರ 520ಡಿ, ಕೆಎ 19 ರಿಜಿಸ್ಟ್ರೇಷನ್, ಲಕ್ಷ ಕಿಲೋಮೀಟರ್ ದಾಟಿದೆ. ನೋಡಲಿಕ್ಕೆ ಈಗಲೂ ಮದುಮಗನ ಹಾಗೆ ಉಂಟು. ಕೇಳುತ್ತಿರುವ ರೇಟು ಹೊಸ ಸ್ವಿಫ್ಟ್‌ಗಿಂತ ಸ್ವಲ್ಪ ಕಡಿಮೆಯೇ. ಆ ದುಡ್ಡಿಗೆ ಇಂಥ ಗಾಡಿ ಮತ್ತೆ ಸಿಗಲಿಕ್ಕಿಲ್ಲ ಅಂತ ಒಂದು ಮನಸ್ಸು, ಸುಮ್ನೆ ತಲೆನೋವು ಯಾಕೆ ಅಂತ ಇನ್ನೊಂದು.

ನನ್ನ ಓಡಾಟ ಇಷ್ಟು: ದಿನಾ ಬೈಕಂಪಾಡಿಗೆ ಆಫೀಸು, ಆಗಾಗ ಕುಂದಾಪುರದ ಹೆಂಡತಿ ಮನೆ, ವರ್ಷದಲ್ಲಿ ನಾಲ್ಕಾರು ಸಲ ಶಿರಾಡಿ ಹತ್ತಿ ಬೆಂಗಳೂರು. ಈಗ ಐ20 ಉಂಟು.

ಶೋರೂಮಿನ ಸರ್ವಿಸ್ ದಾಖಲೆ 2019ರವರೆಗೆ ಸರಿಯಾಗಿದೆ. ಆಮೇಲೆ ಹೊರಗಡೆ ಮಾಡಿಸಿದ್ದಾರೆ, ಬಿಲ್ಲು ಅರ್ಧ ಉಂಟು ಅರ್ಧ ಇಲ್ಲ. ಗೇರ್‌ಬಾಕ್ಸ್ ಆಯಿಲ್ ಯಾವಾಗ ಬದಲಿಸಿದ್ದು ಅಂತ ಕೇಳಿದೆ. 'ಅದು ಲೈಫ್‌ಟೈಮ್ ಆಯಿಲ್, ಮುಟ್ಟುವುದೇ ಬೇಡ' ಅಂದರು. ಜಾಸ್ತಿ ವಿಚಾರಿಸಲಿಕ್ಕೂ ಆಗುವುದಿಲ್ಲ. ಅಕ್ಕನ ಗಂಡ ಅಲ್ವಾ, ಚೌಕಾಸಿ ಮಾಡಿದರೆ ದೀಪಾವಳಿವರೆಗೂ ಅದೇ ಮಾತು.

ವರ್ಷಕ್ಕೆ ಎಷ್ಟು ಎತ್ತಿಡಬೇಕು? ಯಾವುದು ಮೊದಲು ಕೈ ಕೊಡುತ್ತದೆ? ಇಟ್ಟುಕೊಂಡವರು ಹೇಳಿ.

ಮಣಿಪಾಲ ಡೀಸೆಲ್:

ಮೊದಲು ಒಂದು ಮಾತು. ರೇಟು ಇಳಿದಿರುವುದು ಕಾರಿಗೆ, ಪಾರ್ಟ್ಸಿಗೆ ಯಾರೂ ಇಳಿಸಿಲ್ಲ. ಸ್ವಿಫ್ಟ್‌ನ ದುಡ್ಡಿಗೆ ತಗೊಂಡರೂ ರಿಪೇರಿ ಬಿಲ್ಲು ಮಾತ್ರ ದೊಡ್ಡ ಕಾರಿನದ್ದೇ ಬರುತ್ತದೆ.

ನಿಮ್ಮ ಕಾರಿನ ಎಂಜಿನ್ ಎನ್47. ಇದರ ಟೈಮಿಂಗ್ ಚೈನ್ (ವಾಲ್ವು, ಪಿಸ್ಟನ್ನುಗಳ ಓಟವನ್ನು ಹೊಂದಿಸಿ ಇಡುವ ಸರಪಳಿ) ಎದುರುಗಡೆ ಇಲ್ಲ, ಹಿಂದೆ ಗೇರ್‌ಬಾಕ್ಸ್ ಕಡೆ ಇದೆ. ಚೈನ್ ಬದಲಿಸಬೇಕಾದರೆ ಗೇರ್‌ಬಾಕ್ಸನ್ನೋ ಎಂಜಿನ್ನನ್ನೋ ಇಳಿಸಲೇಬೇಕು, ಹಾಗಾಗಿ ಸಾಮಾನಿಗಿಂತ ಕೂಲಿಯೇ ಭಾರ. ಒಟ್ಟು ಲಕ್ಷ ದಾಟುತ್ತದೆ ಅಂತಲೇ ಇಟ್ಟುಕೊಳ್ಳಿ. ಚೈನ್ ತುಂಡಾದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿಯುತ್ತವೆ, ಆಮೇಲೆ ಎಂಜಿನ್ನೇ ಹೊಸದು. 2007ರಿಂದ 2011ರ ಆರಂಭದವರೆಗಿನ ಎಂಜಿನ್ನುಗಳಲ್ಲಿ ಈ ತೊಂದರೆ ಹೆಚ್ಚು ಕಂಡದ್ದು. ನಿಮ್ಮದು ಅದರ ನಂತರದ್ದು, ಅಷ್ಟು ಸಮಾಧಾನ. ಆದರೆ ಆಯಿಲ್ ತಡವಾಗಿ ಬದಲಿಸಿದ ಕಾರಿನ ಚೈನನ್ನು ನಾನಂತೂ ನಂಬುವುದಿಲ್ಲ. ಕಾರಿನ ಕಂಪ್ಯೂಟರ್ ಇನ್ನೂ ಓಡಿಸಬಹುದು ಅಂದರೂ 10,000 ಕಿಲೋಮೀಟರಿಗೆ ಅಥವಾ ವರ್ಷಕ್ಕೊಮ್ಮೆ ಬದಲಿಸಿ.

ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿ, ಬಾನೆಟ್ ಎತ್ತಿ ಎಂಜಿನ್ನಿನ ಹಿಂಭಾಗಕ್ಕೆ ಕಿವಿ ಕೊಡಿ. ಕರಕರ ಸದ್ದು ಬಂದು ರೇಸ್ ಕೊಟ್ಟಾಗ ಅದರ ಜೊತೆಗೇ ಏರಿದರೆ, ಭಾವನಿಗೆ ಚಹಾ ಕುಡಿದು ನಮಸ್ಕಾರ ಹೇಳಿ ಬನ್ನಿ.

ಗೇರ್‌ಬಾಕ್ಸ್ ಝಡ್‌ಎಫ್‌ನ 8 ಸ್ಪೀಡಿನದ್ದು, ಒಳ್ಳೆಯ ಪೆಟ್ಟಿಗೆ. ಲೈಫ್‌ಟೈಮ್ ಅನ್ನುವುದು ಕಾರು ಕಂಪನಿಯ ಮಾತು. ಪೆಟ್ಟಿಗೆ ಮಾಡಿದ ಝಡ್‌ಎಫ್‌ನವರೇ 80,000ದಿಂದ 1,20,000 ಕಿಲೋಮೀಟರ್ ಅಥವಾ 8 ವರ್ಷದೊಳಗೆ ಆಯಿಲ್ ಬದಲಿಸಿ ಅನ್ನುತ್ತಾರೆ. ಕೆಳಗಿನ ಪ್ಲಾಸ್ಟಿಕ್ ಪ್ಯಾನ್ ಒಳಗೇ ಫಿಲ್ಟರ್ ಇರುವುದರಿಂದ ಪ್ಯಾನನ್ನೂ ಸೇರಿಸಿ ಬದಲಿಸಬೇಕು. ಇದನ್ನು ಮೊದಲ ತಿಂಗಳಲ್ಲೇ ಮಾಡಿಸಿ.

ಇನ್ನೊಂದು. 2018ರಲ್ಲಿ ಬಿಎಂಡಬ್ಲ್ಯು 2010ರಿಂದ 2017ರ ನಡುವೆ ತಯಾರಾದ ಡೀಸೆಲ್ ಕಾರುಗಳನ್ನು ಇಜಿಆರ್ ಕೂಲರಿನ (ಎಂಜಿನ್ನಿಗೆ ಮರಳುವ ಹೊಗೆಯನ್ನು ತಣ್ಣಗೆ ಮಾಡುವ ಭಾಗ) ದೋಷಕ್ಕಾಗಿ ವಾಪಸ್ ಕರೆದಿತ್ತು, ಜಗತ್ತಿನಲ್ಲಿ ಒಟ್ಟು 16 ಲಕ್ಷ ಕಾರು. ಕೂಲಂಟ್ ಸೋರಿ ಮಸಿಗೆ ಸೇರಿದರೆ ಬೆಂಕಿ ಹಿಡಿಯುವ ಅಪಾಯ ಇತ್ತು. ಚಾಸಿ ನಂಬರ್ ಕೊಟ್ಟು ನಿಮ್ಮ ಕಾರು ಆ ಪಟ್ಟಿಯಲ್ಲಿ ಉಂಟಾ ಅಂತ ಕಂಪನಿಯಲ್ಲೇ ಕೇಳಿ.

ಹಲಸಿನ ಮರದಡಿ:

ಎಂಜಿನ್ ಬಗ್ಗೆ ಮೇಲಿನವರು ಹೇಳಿದ್ದಾರೆ. ಆದರೆ ನಮ್ಮೂರಲ್ಲಿ ಎಂಜಿನ್ನಿಗಿಂತ ಮೊದಲು ಮಳೆ ಕಾರನ್ನು ತಿನ್ನುತ್ತದೆ ಮಾರಾಯ್ರೆ. ವರ್ಷಕ್ಕೆ 3,500 ಮಿಲಿಮೀಟರ್ ಸುರಿಯುವ ಜಾಗ ಇದು, ಸುಮ್ನೆ ಅಲ್ಲ.

ನನ್ನ ಹತ್ತಿರ ಇದ್ದದ್ದು ಬೇರೆ ಕಂಪನಿಯ ಜರ್ಮನ್ ಸೆಡಾನ್, ಹೆಸರು ಬೇಡ. ಸನ್‌ರೂಫಿನ ಮೂಲೆಗಳಿಂದ ನೀರು ಇಳಿದು ಹೋಗಲು ಸಣ್ಣ ಪೈಪುಗಳಿರುತ್ತವೆ. ಎಲೆ, ಕಸ ಕೂತು ಅವು ಕಟ್ಟಿಕೊಂಡವು. ಆಟಿ ತಿಂಗಳ ಮಳೆಯ ನೀರು ಕಂಬದ ಒಳಗಿನಿಂದಲೇ ಇಳಿದು ಕಾರ್ಪೆಟ್ ಅಡಿ ನಿಂತಿತು, ಮೇಲೆ ನೋಡಿದರೆ ಎಲ್ಲ ಒಣ. ಮೊದಲು ಸೀಟು ಹಿಂದೆ ಮುಂದೆ ಹೋಗುವುದು ನಿಂತಿತು, ಆಮೇಲೆ ಮಧ್ಯರಾತ್ರಿ ಹಾರ್ನ್ ತನ್ನಷ್ಟಕ್ಕೇ ಬಡಿದುಕೊಳ್ಳಲು ಶುರು, ಪಕ್ಕದ ಮನೆಯವರು ಟಾರ್ಚ್ ಹಿಡಿದು ಬಂದರು. ನೀರು ತಾಗಿದ್ದು ಒಂದು ಕಂಟ್ರೋಲ್ ಮಾಡ್ಯೂಲಿಗೆ. ಸಾಮಾನು ಬರಲಿಕ್ಕೆ ವಾರಗಟ್ಟಲೆ ಕಾದು, ಬಂದ ಮೇಲೆ ಅದನ್ನು ಕಾರಿಗೆ ಕೋಡಿಂಗ್ ಮಾಡುವವರು (ಕಂಪ್ಯೂಟರಿನಲ್ಲಿ ಹೊಂದಿಸುವವರು) ಇಲ್ಲಿ ಸಿಗದೆ, ಕಾರನ್ನು ಫ್ಲಾಟ್‌ಬೆಡ್ ಲಾರಿಯಲ್ಲಿ ಬೆಂಗಳೂರಿಗೆ ಕಳಿಸಿದೆ. ಲಾರಿ ಬಾಡಿಗೆಯೂ ನನ್ನದೇ.

520ಡಿಯಲ್ಲಿ ಬ್ಯಾಟರಿ ಇರುವುದೇ ಡಿಕ್ಕಿಯಲ್ಲಿ. ಡಿಕ್ಕಿಯ ಮ್ಯಾಟ್ ಎತ್ತಿ ಕೈ ಇಟ್ಟು ನೋಡಿ, ಒದ್ದೆಯಾ, ಬೂಸ್ಟು ವಾಸನೆ ಉಂಟಾ ಅಂತ. ಕಾಲಿಡುವ ಜಾಗದಲ್ಲೂ ಹಾಗೇ ನೋಡಿ.

ಇಲಿ ಕಾಟ ಬೇರೆ. ವೈರು ಕಡಿದರೆ ಮೂರು ವಾರ್ನಿಂಗ್ ಲೈಟು ಒಟ್ಟಿಗೆ ಹತ್ತುತ್ತವೆ, ಯಾವುದು ನಿಜ ಯಾವುದು ಸುಳ್ಳು ಅಂತ ಮೆಕ್ಯಾನಿಕ್‌ಗೂ ತಿಳಿಯುವುದಿಲ್ಲ. ನನ್ನ ಸಲಹೆ: ಬೇಡ.

ಕಾಪು ಲೈಟ್‌ಹೌಸ್:

ಇಷ್ಟು ಹೆದರಿಸಿದರೆ ಜನ ಸೈಕಲ್ಲೂ ತಗೊಳ್ಳಲಿಕ್ಕಿಲ್ಲ! ನಾನು ಇದೇ ಮಾದರಿ ಓಡಿಸುತ್ತಿದ್ದೇನೆ, ಖುಷಿಯಲ್ಲಿದ್ದೇನೆ. ಹೆದ್ದಾರಿ 66ರಲ್ಲಿ ಬೈಂದೂರಿನ ಕಡೆ ಖಾಲಿ ರೋಡು ಸಿಕ್ಕಾಗ ಅದು ಹೋಗುವ ಗತ್ತು ಐ20ಯಲ್ಲಿ ಎಲ್ಲಿಂದ ಬರಬೇಕು.

ಖರ್ಚು ಕಡಿಮೆ ಮಾಡುವ ದಾರಿ ಉಂಟು. ಕಂಪನಿ ಡಬ್ಬದಲ್ಲಿ ಬರುವ ಎಷ್ಟೋ ಸಾಮಾನು ತಯಾರಾಗುವುದು ಬಾಷ್, ಮಾಲೆ, ಲೆಮ್‌ಫೋರ್ಡರ್, ಸಾಕ್ಸ್ ಇಂಥವರಲ್ಲಿ. ಅದೇ ಸಾಮಾನು ಅವರ ಡಬ್ಬದಲ್ಲಿ ಕಡಿಮೆಗೆ ಸಿಗುತ್ತದೆ. ಚಾಸಿ ನಂಬರಿನ ಕೊನೆಯ 7 ಅಕ್ಷರ ಹಾಕಿದರೆ ಆನ್‌ಲೈನ್ ಕ್ಯಾಟಲಾಗಿನಲ್ಲಿ ನಿಮ್ಮ ಕಾರಿನ ಸರಿಯಾದ ಪಾರ್ಟ್ ನಂಬರ್ ಬರುತ್ತದೆ. ಅದನ್ನು ಹಿಡಿದುಕೊಂಡು ಅಂಗಡಿಗೆ ಫೋನ್ ಮಾಡಿ, ಸುಮ್ನೆ '520ಡಿ ಬುಷ್ ಉಂಟಾ' ಅಂತ ಕೇಳಬೇಡಿ. ಮುಂದಿನ ಚಕ್ರದ ಆರ್ಮ್‌ಗಳ ರಬ್ಬರ್ ಬುಷ್‌ಗಳಂತೂ ನಮ್ಮ ಹೊಂಡದ ರಸ್ತೆಗೆ ಹೋಗುತ್ತಲೇ ಇರುತ್ತವೆ.

ಬ್ಯಾಟರಿ ಹೊಸದು ಹಾಕಿದಾಗ ಸ್ಕ್ಯಾನರಿನಲ್ಲಿ ರಿಜಿಸ್ಟರ್ ಮಾಡಿಸಲೇಬೇಕು. ಇಲ್ಲದಿದ್ದರೆ ಕಾರು ಹಳೇ ಬ್ಯಾಟರಿ ಅಂತಲೇ ತಿಳಿದು ಚಾರ್ಜ್ ಮಾಡುತ್ತಾ ಹೊಸದನ್ನೂ ಹಾಳು ಮಾಡುತ್ತದೆ. ರನ್‌ಫ್ಲಾಟ್ ಟಯರ್ ಇದ್ದರೆ ಗಾಳಿ ಹೋದ ಮೇಲೂ 80ರ ವೇಗದೊಳಗೆ ಸುಮಾರು 80 ಕಿಲೋಮೀಟರ್ ಹೋಗಬಹುದು. ನಾನು ಮಾಮೂಲಿ ಟಯರ್ ಹಾಕಿಸಿ ಡಿಕ್ಕಿಯಲ್ಲಿ ಸ್ಟೆಪ್ನಿ ಇಟ್ಟುಕೊಂಡಿದ್ದೇನೆ, ದುಡ್ಡೂ ಉಳಿಯಿತು, ಸವಾರಿಯೂ ಮೆತ್ತಗಾಯಿತು. ಡಿಕ್ಕಿಯಲ್ಲಿ ಜಾಗ ಹೋಯಿತು, ಅದೊಂದು.

ಕಡಲ ಗಾಳಿಗೆ ಅಡಿಭಾಗದ ಬೋಲ್ಟು, ಬ್ರೇಕ್ ಪೈಪು ತುಕ್ಕು ಹಿಡಿಯುತ್ತವೆ. ಬಾನೆಟ್, ಬಾಗಿಲು ಅಲ್ಯೂಮಿನಿಯಂ, ಅದಕ್ಕೇ ಹೊರಗಿನಿಂದ ಗೊತ್ತಾಗುವುದಿಲ್ಲ. ಲಿಫ್ಟ್ ಮೇಲೆ ಎತ್ತಿಸಿ ನೋಡಿ.

ಎಷ್ಟು ಎತ್ತಿಡಬೇಕು ಅಂದರೆ, ಕಾರಿಗೆ ಕೊಡುವ ದುಡ್ಡಿನ ಕಾಲು ಭಾಗ ಮೊದಲ ವರ್ಷಕ್ಕೆ ಬೇರೆಯೇ ಇಡಿ. ಅದಿಲ್ಲದೆ ಬರೀ ಕಾರಿನ ದುಡ್ಡು ಮಾತ್ರ ಹೊಂದಿಸುವುದಾದರೆ ನಾನೂ ಬೇಡ ಅಂತಲೇ ಹೇಳುತ್ತೇನೆ. ಐ20 ಮಾರಬೇಡಿ. ಇದು ಗ್ಯಾರೇಜಿನಲ್ಲಿದ್ದಾಗ ಆಫೀಸಿಗೆ ಹೋಗಲು ಏನಾದರೂ ಬೇಕಲ್ಲ.

ಬೆಂದೂರ್‌ವೆಲ್ ಪಾಲಿಸಿ:

ಇನ್ಶೂರೆನ್ಸ್ ಬಗ್ಗೆ ಯಾರೂ ಹೇಳಲಿಲ್ಲ. 1500 ಸಿಸಿ ಮೇಲಿನ ಕಾರಿಗೆ ಥರ್ಡ್ ಪಾರ್ಟಿಯೇ 7,897 ರೂಪಾಯಿ, ಮೇಲೆ ಜಿಎಸ್‌ಟಿ. 10 ವರ್ಷ ದಾಟಿದ ಕಾರಿಗೆ ಸಾಮಾನ್ಯವಾಗಿ ಝೀರೋ ಡೆಪ್ (ಸವಕಳಿ ಕಳೆಯದೆ ಸಾಮಾನಿನ ಪೂರ್ತಿ ದುಡ್ಡು ಕೊಡುವ ಕವರ್) ಕೊಡುವುದಿಲ್ಲ, ಬದಲಿಸಿದ ಲೋಹದ ಸಾಮಾನಿಗೂ ಪ್ಲಾಸ್ಟಿಕ್ಕಿಗೂ ಅರ್ಧ ದುಡ್ಡು ನಿಮ್ಮ ಕೈಯಿಂದ. ಒಂದು ಹೆಡ್‌ಲೈಟ್ ಒಡೆದರೆ ಲೆಕ್ಕ ಹಾಕಿ. ನೀವಿರುವುದು ಕೊಟ್ಟಾರದಲ್ಲಿ, ಚೌಕಿಯಲ್ಲಿ ಮಳೆಗೆ ನೀರು ನಿಲ್ಲುವುದು ನಿಮಗೇ ಗೊತ್ತು. ಅಲ್ಲಿ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಲು ಹೋಗಬೇಡಿ. ಎಂಜಿನ್ ಒಳಗೆ ನೀರು ಹೋಗಿ ಹಾಳಾದರೆ ಎಂಜಿನ್ ಪ್ರೊಟೆಕ್ಟ್ ಅನ್ನುವ ಹೆಚ್ಚುವರಿ ಕವರ್ ಇಲ್ಲದ ಪಾಲಿಸಿಯಲ್ಲಿ ಏನೂ ಸಿಗುವುದಿಲ್ಲ.

2027ಕ್ಕೆ ಕಾರಿಗೆ 15 ವರ್ಷ. ಆರ್‌ಸಿ ನವೀಕರಣದ ಶುಲ್ಕ 5,000, ಜೊತೆಗೆ ಫಿಟ್‌ನೆಸ್ ತಪಾಸಣೆ. ಅದನ್ನೂ ಭಾವನ ರೇಟಿನಲ್ಲಿ ಕಳೆಯಿರಿ.

ಕೊಟ್ಟಾರದವ:

ಎಲ್ಲರಿಗೂ ಧನ್ಯವಾದ. ಐ20 ಮಾರುವುದಿಲ್ಲ, ಅದು ತೀರ್ಮಾನ. ಶನಿವಾರ ರಾತ್ರಿ ಅಕ್ಕನ ಮನೆಯಲ್ಲೇ ಉಳಿಯುತ್ತೇನೆ. ಭಾವ ಏಳುವ ಮೊದಲೇ ಕೀ ತಗೊಂಡು ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ ಕೇಳುವುದು, ಅಕ್ಕನಿಗೆ ಮಾತ್ರ ಹೇಳಿದ್ದೇನೆ. ಅಲ್ಲಿಂದ ಹಾಗೇ ಲಿಫ್ಟ್ ಮತ್ತೆ ಸ್ಕ್ಯಾನರ್ ಇರುವ ಕಡೆ ಒಯ್ಯೋಣ ಅಂತ. ಭಾನುವಾರ ಯಾರಾದರೂ ಸಿಗುತ್ತಾರಾ?

ಕಾಪು ಲೈಟ್‌ಹೌಸ್:

ಭಾನುವಾರ ಎಲ್ಲ ಬಂದ್. ಸೋಮವಾರ ರಜೆ ಹಾಕಿ.