ವೈರ್‌ಲೆಸ್ ಮೌಸ್, ಕೀಬೋರ್ಡ್ ಎರಡೂ ನಡುನಡುವೆ ನಿಂತುಹೋಗುತ್ತಿವೆ, ಬ್ಯಾಟರಿ ಹೊಸದೇ

ಪ್ರಶ್ನೆ
ಡೆಸ್ಕ್‌ಟಾಪ್, ವಿಂಡೋಸ್ 10. ಮೌಸ್‌ಗೂ ಕೀಬೋರ್ಡ್‌ಗೂ ಒಂದೇ ರಿಸೀವರ್, ಸಿಪಿಯು ಹಿಂಬದಿಯ ನೀಲಿ ಪೋರ್ಟ್‌ನಲ್ಲಿದೆ. ಅದಕ್ಕೆ ಅಂಟಿಕೊಂಡೇ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್. ಕರ್ಸರ್ ತಡವರಿಸುತ್ತದೆ, ಕೆಲವೊಮ್ಮೆ ಎರಡು ಮೂರು ಸೆಕೆಂಡ್ ಅಲುಗಾಡುವುದೇ ಇಲ್ಲ. ಟೈಪ್ ಮಾಡಿದರೆ ಅಕ್ಷರ ಬಿಟ್ಟುಹೋಗುತ್ತದೆ, ಇಲ್ಲವೇ ಒಂದೇ ಅಕ್ಷರ ಸಾಲಾಗಿ ಬಂದುಬಿಡುತ್ತದೆ. ಬ್ಯಾಟರಿ ಬದಲಿಸಿ, ಡ್ರೈವರ್ ತೆಗೆದು ಮತ್ತೆ ಹಾಕಿದ್ದಾಯಿತು. ಹೊಸ ಸೆಟ್ಟೇ ತಗೋಬೇಕಾ?

ಉತ್ತರ
ಈಗಲೇ ಬೇಡ ಸರ್. ಮೌಸೂ ಕೀಬೋರ್ಡೂ ಒಂದೇ ಹೊತ್ತಿಗೆ ಕೆಡುವುದು ಬಹಳ ಅಪರೂಪ. ಎರಡಕ್ಕೂ ಸೇರಿದ್ದು ಆ ರಿಸೀವರ್ ಒಂದೇ, ಹಾಗಾಗಿ ಅದು ಕೂತಿರುವ ಜಾಗವನ್ನೇ ಮೊದಲು ನೋಡಿ.

ನೀಲಿ ಪೋರ್ಟ್ ಸಾಮಾನ್ಯವಾಗಿ ಯುಎಸ್‌ಬಿ 3.0. ಅದರಲ್ಲಿ ಡೇಟಾ ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಓಡುವಾಗ ಕನೆಕ್ಟರ್, ಕೇಬಲ್, ಡಿಸ್ಕಿನ ಡಬ್ಬಿ ಎಲ್ಲದರಿಂದಲೂ ರೇಡಿಯೋ ಗದ್ದಲ ಸೋರುತ್ತದೆ. ನಿಮ್ಮ ರಿಸೀವರ್ ಕೆಲಸ ಮಾಡುವ 2.4 ಗಿಗಾಹರ್ಟ್ಸ್ ಆವರ್ತನದ ಮೇಲೂ ಆ ಗದ್ದಲ ಬೀಳುತ್ತದೆ. ಇಂಟೆಲ್ 2012ರಲ್ಲೇ ಇದನ್ನು ಅಳೆದು ವರದಿ ಹೊರತಂದಿತ್ತು. ಮೌಸ್ ಕಳಿಸುವ ಸಿಗ್ನಲ್ ಮೊದಲೇ ಕ್ಷೀಣ, ಗದ್ದಲದಲ್ಲಿ ಮುಳುಗಿಹೋಗುತ್ತದೆ.

ಒಂದೇ ಅಕ್ಷರ ಸಾಲಾಗಿ ಬರುವುದೂ ಇದರಿಂದಲೇ. ಕೀ ಒತ್ತಿದಾಗ ಒಂದು ಸಂದೇಶ, ಬಿಟ್ಟಾಗ ಇನ್ನೊಂದು ಹೋಗಬೇಕು. ಎರಡನೆಯದು ತಲುಪದಿದ್ದರೆ ನೀವು ಕೀಯನ್ನು ಒತ್ತಿ ಹಿಡಿದೇ ಇದ್ದೀರಿ ಅಂತ ವಿಂಡೋಸ್ ತಿಳಿಯುತ್ತದೆ.

ಪರೀಕ್ಷೆ ಸುಲಭ. ಹಾರ್ಡ್ ಡಿಸ್ಕನ್ನು ಸರಿಯಾಗಿ ಇಜೆಕ್ಟ್ ಮಾಡಿ ಕೇಬಲ್ ಕಿತ್ತು, ಹತ್ತು ನಿಮಿಷ ಕೆಲಸ ಮಾಡಿ. ತೊಂದರೆ ಮಾಯವಾದರೆ ಕಾರಣ ಸಿಕ್ಕಂತೆ. ಆಮೇಲೆ ಒಂದು ಮೀಟರ್ ಉದ್ದದ ಯುಎಸ್‌ಬಿ 2.0 ಎಕ್ಸ್‌ಟೆನ್ಶನ್ ಕೇಬಲ್ ತಂದು ಕಪ್ಪು ಪೋರ್ಟ್‌ಗೆ (ಸಾಮಾನ್ಯವಾಗಿ ಯುಎಸ್‌ಬಿ 2.0) ಹಾಕಿ, ರಿಸೀವರನ್ನು ಮೇಜಿನ ಮೇಲೆ, ಮೌಸ್‌ನಿಂದ ಒಂದು ಗೇಣು ದೂರದಲ್ಲಿಡಿ. ಪಕ್ಕದ ಕಪ್ಪು ಪೋರ್ಟ್‌ಗೆ ಬದಲಿಸಿದರೆ ಸಾಕು ಅಂದುಕೊಳ್ಳಬೇಡಿ. ಗದ್ದಲ ಬರುವುದು ಗಾಳಿಯಲ್ಲಿ, ದೂರ ಹೆಚ್ಚಿದಷ್ಟೂ ತಗ್ಗುತ್ತದೆ.

ಇನ್ನೊಂದು ಉತ್ತರ
ಬ್ಯಾಟರಿ ಹೊಸದಾದರೂ ಅದು ಕೂರುವ ಸ್ಪ್ರಿಂಗನ್ನು ಬೆಳಕಿಗೆ ಹಿಡಿದು ನೋಡಿ. ಹಳೆಯ ಅಲ್ಕಲೈನ್ ಸೆಲ್ ಸೋರಿದ್ದರೆ ಬುಡದಲ್ಲಿ ಬಿಳಿ ಅಥವಾ ಹಸಿರು ಪುಡಿ ಕಟ್ಟಿರುತ್ತದೆ, ಕರೆಂಟ್ ಬಿಟ್ಟುಬಿಟ್ಟು ಹರಿಯುತ್ತದೆ. ಇಯರ್‌ಬಡ್ ತುದಿಗೆ ಎರಡು ಹನಿ ವಿನೆಗರ್ ಹಾಕಿ ಉಜ್ಜಿ, ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಸೆಲ್ ಹಾಕಿ. ವೈಫೈ ಕೂಡ ಅದೇ 2.4 ಗಿಗಾಹರ್ಟ್ಸ್‌ನಲ್ಲಿದ್ದರೆ ರಿಸೀವರ್‌ಗೆ ಅಡ್ಡಿಯಾಗಬಹುದು, 5 ಗಿಗಾಹರ್ಟ್ಸ್‌ಗೆ ಬದಲಿಸಿ.

ಪ್ರಶ್ನೆ ಕೇಳಿದವರು
ಎಕ್ಸ್‌ಟೆನ್ಶನ್ ಹಾಕಿದೆ. ದೊಡ್ಡ ಫೈಲ್ ಕಾಪಿ ಆಗುತ್ತಿದ್ದರೂ ಕರ್ಸರ್ ಈಗ ಸರಾಗ. ಉಳಿದದ್ದು ಒಂದೇ: ಸ್ವಲ್ಪ ಹೊತ್ತು ಬಿಟ್ಟು ಬಂದು ಟೈಪ್ ಮಾಡಿದರೆ ಮೊದಲ ಎರಡು ಮೂರು ಅಕ್ಷರ ಬೀಳುವುದಿಲ್ಲ.

ಉತ್ತರ
ಇದು ಬೇರೆ ಸಮಸ್ಯೆ. ಸುಮ್ಮನಿದ್ದ ಮೇಲೆ ಮಾತ್ರ ಹೀಗಾದರೆ ಯಾವುದೋ ಒಂದು ನಿದ್ದೆಗೆ ಜಾರಿದೆ: ಪೋರ್ಟ್, ಇಲ್ಲವೇ ಕೀಬೋರ್ಡ್.

ಪೋರ್ಟ್‌ನದ್ದು ಮೊದಲು. ಡಿವೈಸ್ ಮ್ಯಾನೇಜರ್ ತೆರೆದು, ಯೂನಿವರ್ಸಲ್ ಸೀರಿಯಲ್ ಬಸ್ ಕಂಟ್ರೋಲರ್ಸ್ ಅಡಿಯಲ್ಲಿ ಪ್ರತಿ ಯುಎಸ್‌ಬಿ ರೂಟ್ ಹಬ್‌ನ ಪ್ರಾಪರ್ಟೀಸ್‌ಗೆ ಹೋಗಿ. ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್‌ನಲ್ಲಿ, ವಿದ್ಯುತ್ ಉಳಿಸಲು ಸಾಧನವನ್ನು ಆಫ್ ಮಾಡಲು ಬಿಡುವ ಟಿಕ್ ತೆಗೆಯಿರಿ. ಪವರ್ ಆಪ್ಷನ್ಸ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ (ಸುಮ್ಮನಿರುವ ಪೋರ್ಟನ್ನು ಮಲಗಿಸುವ ಸೌಲಭ್ಯ) ಕೂಡ ಡಿಸೇಬಲ್ ಮಾಡಿ, ರೀಸ್ಟಾರ್ಟ್ ಕೊಡಿ.

ಆಮೇಲೂ ಮೊದಲ ಅಕ್ಷರ ನುಂಗುತ್ತಿದ್ದರೆ ಕೀಬೋರ್ಡೇ ಬ್ಯಾಟರಿ ಉಳಿಸಲು ಮಲಗುತ್ತಿದೆ. ಅದಕ್ಕೆ ವಿಂಡೋಸ್‌ನಲ್ಲಿ ಸೆಟ್ಟಿಂಗ್ ಇಲ್ಲ. ಟೈಪ್ ಶುರು ಮಾಡುವ ಮುಂಚೆ ಶಿಫ್ಟ್ ಒಮ್ಮೆ ಒತ್ತಿ, ಎಚ್ಚರಗೊಳ್ಳುತ್ತದೆ.