ಕಿಟ್ಟೆಲ್ ಕಟ್ಟದ ಸೆಮಿನರಿ, ನಮ್ಮ ಮನೆ ಗ್ರೂಪಿನ ಜಗಳ

ಭಾವ ಒಂದು ಪೋಸ್ಟರ್ ಫಾರ್ವರ್ಡ್ ಮಾಡಿದರು. ಮೇಲೆ ಚಿನ್ನದ ಬಣ್ಣದಲ್ಲಿ ‘ಬಲ್ಮಠ ಸೆಮಿನರಿಯ ಮಹನೀಯರು’. ಬಲ್ಮಠ ಅಂದರೆ ಮಂಗಳೂರಿನ ಒಂದು ಗುಡ್ಡ, ಸೆಮಿನರಿ ಅಂದರೆ ಅಲ್ಲಿನ ಕ್ರೈಸ್ತ ಬೋಧಕರ ಶಾಲೆ. ನಡುವೆ ದೊಡ್ಡದಾಗಿ ನಿಘಂಟಿನ ಕಿಟ್ಟೆಲ್, ಅಡಿಯಲ್ಲಿ ‘ಸಂಸ್ಥಾಪಕರು’. ಸುತ್ತ ಗಡ್ಡ ಬಿಟ್ಟ ನಾಲ್ಕೈದು ಜರ್ಮನ್ ಮುಖಗಳು, ಯಾರಿಗೂ ಹೆಸರಿಲ್ಲ. ಮುಂದಿನದ್ದು ಫೋನಿನಲ್ಲಿ ಇದ್ದ ಹಾಗೇ ಉಂಟು. ಶುಭೋದಯದ ಹೂವುಗಳನ್ನು ಮಾತ್ರ ತೆಗೆದಿದ್ದೇನೆ.

ದೊಡ್ಡಪ್ಪ: ತುಂಬಾ ಚೆನ್ನಾಗಿದೆ. ಮಕ್ಕಳಿಗೆಲ್ಲ ತೋರಿಸಿ. ಇಂಥವರಿಂದಲೇ ನಾವು ನಾಲ್ಕಕ್ಷರ ಕಲಿತದ್ದು.

ನಾನು: ಭಾವ, ಸೆಮಿನರಿ ಶುರು ಮಾಡಿದ್ದು ಕಿಟ್ಟೆಲ್ ಅಲ್ಲ. ಅದು ಶುರುವಾದದ್ದು 1847ರಲ್ಲಿ. ಕಿಟ್ಟೆಲ್ ಈ ಕಡೆ ಬಂದದ್ದೇ 1853ರಲ್ಲಿ.

ಭಾವ: ಐದಾರು ವರ್ಷ ಆಚೆ ಈಚೆ ಆದರೆ ಎಂತ ಆಯ್ತು? ಒಳ್ಳೆಯದು ಹಾಕಿದರೂ ತಪ್ಪು ಹುಡುಕುತ್ತೀಯಲ್ಲ ಮಾರಾಯ.

ನಾನು: 1847ರಲ್ಲಿ ಅವರಿಗೆ 15 ವರ್ಷ ಭಾವ. ಮೀಸೆ ಕೂಡ ಬಂದಿರಲಿಕ್ಕಿಲ್ಲ.

ಅಕ್ಕ: ನಾನೂ ಬೆಳಿಗ್ಗೆ ಕಾಫಿ ಕೊಡುವಾಗ ಇದನ್ನೇ ಹೇಳಿದೆ. ನನ್ನ ಮಾತು ಯಾರು ಕೇಳುತ್ತಾರೆ.

ಭಾವ: ಹಾಗಾದರೆ ಕಟ್ಟಿದ್ದು ಯಾರು? ಅದನ್ನೂ ಹೇಳು.

ನಾನು: ಹೆರ್ಮನ್ ಮೊಗ್ಲಿಂಗ್. 1836ರ ಕೊನೆಯಲ್ಲಿ ಮಂಗಳೂರಿಗೆ ಬಂದವರು. 1843ರಲ್ಲಿ ‘ಮಂಗಳೂರ ಸಮಾಚಾರ’ ತೆಗೆದದ್ದೂ ಅವರೇ. ಮೊದಲು ಹುಡುಗರನ್ನು ಇಟ್ಟುಕೊಂಡು ಒಂದು ಶಾಲೆ ನಡೆಸಿದರು. ಅದರಿಂದಲೇ ಬೋಧಕರನ್ನು ತಯಾರು ಮಾಡುವ ಸೆಮಿನರಿ ಆಯಿತು. ಬೆಂಗಳೂರಿನಲ್ಲಿ ಕಿಟ್ಟೆಲ್ ಪ್ರತಿಮೆ ಉಂಟು, ನಿಘಂಟು ಎಲ್ಲರಿಗೂ ಗೊತ್ತು. ಹಾಗಾಗಿ ಇವರನ್ನೆಲ್ಲ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಿಂದ ಕಳಿಸಿದ ಬಾಸೆಲ್ ಮಿಷನಿನವರು ಮಾಡಿದ್ದೆಲ್ಲ ಕಿಟ್ಟೆಲ್ ಲೆಕ್ಕಕ್ಕೇ ಬೀಳುತ್ತದೆ. ಹಂಚಿನ ಕಾರ್ಖಾನೆಯೊಂದು ಬಾಕಿ.

ಭಾವ: ಸರಿ, ಹೆಸರು ತಪ್ಪಿದೆ. ಆದರೆ ನಡೆಸಿದವರು ಇವರೇ ಅಲ್ವಾ? ಗೌರವ ಕೊಟ್ಟರೆ ಸಾಕು.

ಚಿಕ್ಕಪ್ಪ: ನಡೆಸಿದವರು? ನಮ್ಮ ಚರ್ಚ್ ಸಭೆಯ ಲೆಕ್ಕ ಬರೆದು ಬರೆದು ತಲೆ ನರೆತವನು ನಾನು. ದುಡ್ಡು ಯಾರ ಕೈಯಲ್ಲಿ ಉಂಟೋ ಅವರು ನಡೆಸುವುದು. ಆಗ ದುಡ್ಡು ಇದ್ದದ್ದು ಬಾಸೆಲಿನ ಕಮಿಟಿ ಹತ್ತಿರ. ಬಲ್ಮಠದಲ್ಲಿ ಯಾರು ಪಾಠ ಮಾಡಬೇಕು, ಯಾರು ಧಾರವಾಡಕ್ಕೆ ಹೋಗಬೇಕು, ಎಲ್ಲ ಅಲ್ಲಿಂದ ಕಾಗದದಲ್ಲಿ ಬರಬೇಕು. ಕಾಗದ ಹೋಗಿ ಉತ್ತರ ಬರಲು ತಿಂಗಳುಗಟ್ಟಲೆ. ಯೋಸೆನ್‌ಹಾನ್ಸ್ ಅಂತ ಒಬ್ಬರು ಇನ್‌ಸ್ಪೆಕ್ಟರ್, ಅಂದರೆ ಮಿಷನಿನ ಮುಖ್ಯಸ್ಥರು, ಇದ್ದರು. 1850ರಿಂದ 1879ರವರೆಗೆ ಅವರದೇ ಕಾರುಬಾರು. 1851ರಲ್ಲಿ ಖುದ್ದಾಗಿ ಇಲ್ಲಿಗೆ ಬಂದು ಎಲ್ಲ ಕಡೆ ತಿರುಗಿ ನೋಡಿ ನಿಯಮ ಬಿಗಿ ಮಾಡಿ ಹೋದರು. ಅವರ ಫೋಟೋ ನಿನ್ನ ಪೋಸ್ಟರಿನಲ್ಲಿ ಉಂಟಾ?

ಭಾವ: ಗಡ್ಡದವರಲ್ಲಿ ಯಾರೋ ಒಬ್ಬರು ಇರಬಹುದು.

ಅಕ್ಕ: ಮದುವೆ ವಿಷಯ ಹೇಳಿ ಚಿಕ್ಕಪ್ಪ.

ಚಿಕ್ಕಪ್ಪ: ನೀನೇ ಹೇಳು.

ಅಕ್ಕ: ಕಮಿಟಿ ಒಪ್ಪದೆ ಮಿಷನರಿಗೆ ಮದುವೆಯಾಗಲಿಕ್ಕಿಲ್ಲ. ಬಂದ ಕೂಡಲೇ ಕೇಳುವ ಹಾಗೂ ಇಲ್ಲ, ಕೆಲವು ವರ್ಷ ಕಾಯಬೇಕು. ಆಮೇಲೆ ಅಲ್ಲಿಂದ ಹೆಣ್ಣು ಗೊತ್ತು ಮಾಡಿ ಹಡಗು ಹತ್ತಿಸುವುದು. ಎಷ್ಟೋ ಜನ ಬಂದರಿನಲ್ಲಿ ಇಳಿದ ಮೇಲೆಯೇ ಗಂಡನ ಮುಖ ನೋಡಿದ್ದು. ಆ ಹೆಂಗಸರು ಇಲ್ಲಿನ ಹೆಣ್ಣುಮಕ್ಕಳಿಗೆ ಹೊಲಿಗೆ, ಓದು ಕಲಿಸಿದರು, ಹೆತ್ತರು, ಜ್ವರದಲ್ಲಿ ಸತ್ತರು. ಮಹನೀಯರ ಪಟ್ಟಿಯಲ್ಲಿ ಒಂದು ಹೆಣ್ಣುಮುಖ ಇಲ್ಲ. ಮೊಗ್ಲಿಂಗ್ ಮದುವೆಯಾದದ್ದು ಅವರ ಜೊತೆ ಕೆಲಸ ಮಾಡಿದ ವೈಗ್ಲೆಯವರ ವಿಧವೆಯನ್ನು. ಆಕೆಯ ಮಕ್ಕಳನ್ನೂ ಸಾಕಿದರು. ಆಕೆಯ ಹೆಸರು ಪೌಲಿನ್. ನಿಮಗೆ ಯಾರಿಗಾದರೂ ಗೊತ್ತಿತ್ತಾ?

(ಇದಾದ ಮೇಲೆ ತುಂಬಾ ಹೊತ್ತು ಯಾರೂ ಏನೂ ಬರೆಯಲಿಲ್ಲ. ನೀಲಿ ಗೀಟು ಮಾತ್ರ ಬಿತ್ತು.)

ದೊಡ್ಡಪ್ಪ: ನೀವು ಎಲ್ಲದರಲ್ಲೂ ಹುಳುಕು ಹುಡುಕುವವರು. ದೇಶ ಬಿಟ್ಟು ಬಂದು ಇಲ್ಲಿ ಮಣ್ಣಾದರು. ನಾವು ಅವರ ಉಪ್ಪು ತಿಂದವರು.

ನಾನು: ಉಪ್ಪಿನ ಋಣ ಇಲ್ಲ ಅಂತ ಯಾರೂ ಹೇಳಲಿಲ್ಲ ದೊಡ್ಡಪ್ಪ. ನನ್ನ ತಕರಾರು ಬೇರೆ. ಆ ಗುಡ್ಡದಲ್ಲಿ ಕೆಲಸ ಮಾಡಿದವರಿಗೂ ಬಾಸೆಲಿನಲ್ಲಿ ಕೂತು ಕಾಗದ ಬರೆದವರಿಗೂ ಯಾವಾಗಲೂ ಎಳೆದಾಟ ಇತ್ತು. ಮೊಗ್ಲಿಂಗ್ 1853ರಲ್ಲಿ ಸೋಮಯ್ಯ ಎನ್ನುವ ಕೊಡವರ ಜೊತೆ ಕೊಡಗಿಗೆ ಹೋದರು. ಬಾಸೆಲಿನವರಿಗೆ ಅದು ಸರಿ ಕಾಣಲಿಲ್ಲ, ಇವರು ನಿಲ್ಲಲಿಲ್ಲ. ಕಿಟ್ಟೆಲ್ ಇಲ್ಲಿಯವರ ಹಾಗೆ ಬದುಕಬೇಕು ಅಂತ ನಡೆದುಕೊಂಡೇ ಊರೂರು ತಿರುಗಿದರು. ಅದೂ ಮೇಲಿನವರಿಗೆ ಹಿಡಿಸಲಿಲ್ಲ. ಇವತ್ತು ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಇಬ್ಬರೂ ತಮ್ಮ ಕಮಿಟಿಯ ಹತ್ತಿರ ಬೈಸಿಕೊಂಡವರೇ. ಪೋಸ್ಟರ್ ನೋಡಿದರೆ ಇವರೇ ಯಜಮಾನರು ಅಂತ ಅನಿಸುತ್ತದೆ. ಕೆಲಸ ಒಬ್ಬರದು, ತೀರ್ಮಾನ ಇನ್ನೊಬ್ಬರದು ಆಗಿತ್ತು. ಅದನ್ನು ಮುಚ್ಚಿಟ್ಟು ಫೋಟೋಕ್ಕೆ ಹಾರ ಹಾಕುವುದು ಸುಲಭ.

ತಂಗಿ: ಕೌಂಡಿನ್ಯ ಎಲ್ಲಿ?

ಭಾವ: ಯಾರು ಕೌಂಡಿನ್ಯ?

ತಂಗಿ: ಅಯ್ಯೋ ಭಾವ! ಹೆರ್ಮನ್ ಆನಂದರಾವ್ ಕೌಂಡಿನ್ಯ. ಮಂಗಳೂರಿನ ಸಾರಸ್ವತರ ಹುಡುಗ. 1844ರಲ್ಲಿ ದೀಕ್ಷಾಸ್ನಾನ ಆಗಿ ಕ್ರೈಸ್ತರಾದರು. ಆ ‘ಹೆರ್ಮನ್’ ಮೊಗ್ಲಿಂಗ್ ಅವರ ಹೆಸರು. 1846ರಲ್ಲಿ ಅವರ ಜೊತೆಗೇ ಬಾಸೆಲಿಗೆ ಹೋಗಿ ಓದಿ, ಗುರುದೀಕ್ಷೆ ಪಡೆದು 1851ರಲ್ಲಿ ವಾಪಸ್ ಬಂದರು. ಇದೇ ಸೆಮಿನರಿಯಲ್ಲಿ ಪಾಠ ಮಾಡಿದರು. ಮದುವೆಯಾದದ್ದು ಜರ್ಮನ್ ಹೆಂಗಸನ್ನು. ಗಡ್ಡದ ಐದು ಮುಖಕ್ಕೆ ಜಾಗ ಉಂಟು, ಊರಿನ ಒಬ್ಬರಿಗೆ ಇಲ್ಲ.

ಭಾವ: ನಾನು ಮಾಡಿದ ಪೋಸ್ಟರಾ ಇದು? ಬಂದದ್ದನ್ನು ಕಳಿಸಿದೆ ಅಷ್ಟೆ.

ಅಕ್ಕ: ಎಲ್ಲರೂ ಹೇಳುವುದು ಅದನ್ನೇ.

ಚಿಕ್ಕಪ್ಪ: ಇನ್ನೊಂದು. 1914ರಲ್ಲಿ ಯುದ್ಧ ಶುರುವಾಯಿತು. ಜರ್ಮನ್ ಮಿಷನರಿಗಳನ್ನು ಬ್ರಿಟಿಷರು ಹಿಡಿದು ಅಹಮದ್‌ನಗರದ ಕ್ಯಾಂಪಿನಲ್ಲಿಟ್ಟರು, ಆಮೇಲೆ ಊರಿಗೆ ಅಟ್ಟಿದರು. ಹಂಚಿನ ಕಾರ್ಖಾನೆ, ನೇಯ್ಗೆ ಎಲ್ಲ ಕಾಮನ್‌ವೆಲ್ತ್ ಟ್ರಸ್ಟ್ ಎನ್ನುವ ಬ್ರಿಟಿಷ್ ಕಂಪನಿಯ ಪಾಲಾಯಿತು. ಆಗ ಸಭೆಗಳನ್ನು ಕೈಬಿಡದೆ ಹಿಡಿದದ್ದು ನಮ್ಮ ಊರಿನ ಉಪದೇಶಿಗಳು, ಪಾದ್ರಿ ಅಯ್ಯನವರುಗಳು. ಹೆಚ್ಚಿನವರು ಆ ಸೆಮಿನರಿಯಲ್ಲಿ ಕಲಿತವರೇ. ಕಲಿಸಿದವರ ಪಟ್ಟಿ ಎಲ್ಲರೂ ಮಾಡುತ್ತಾರೆ.

ದೊಡ್ಡಪ್ಪ: ಒಂದು ನಿಮಿಷ. ಈಗ ಕನ್ನಡಕ ಹಾಕಿಕೊಂಡು ನೋಡಿದೆ. ಇದರಲ್ಲಿ ತುಮಕೂರು ಎಲ್ಲಿದೆ?

ಭಾವ: ತುಮಕೂರು ಯಾಕೆ ದೊಡ್ಡಪ್ಪ? ಇದು ಬಲ್ಮಠದ್ದು.

ದೊಡ್ಡಪ್ಪ: ಯಾಕೆ ಅಂದರೆ? ನಾನು ಓದಿದ್ದು ತುಮಕೂರಿನಲ್ಲಿ! ಯೂನಿಯನ್ ಕ್ಯಾನರೀಸ್ ಸೆಮಿನರಿ. ಅದೂ ಮಂಗಳೂರಿನದ್ದೂ ಒಟ್ಟಾಗಿ 1965ರಲ್ಲಿ ಬಲ್ಮಠದಲ್ಲಿ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಆಯಿತು. ಈಗಿನ ಕಾಲೇಜಿಗೆ ಎರಡು ತವರು. ಒಂದರ ಹೆಸರೇ ಹಾರಿಸಿಬಿಟ್ಟರೆ ಹೇಗೆ? ನಮ್ಮ ಮೇಷ್ಟ್ರುಗಳು ಮಹನೀಯರಲ್ಲವಾ? ಯಾರು ಮಾಡಿದ್ದು ಈ ಪೋಸ್ಟರ್?

ಅಕ್ಕ: ಬೆಳಿಗ್ಗೆ ‘ತುಂಬಾ ಚೆನ್ನಾಗಿದೆ’ ಇತ್ತು.

ದೊಡ್ಡಪ್ಪ: ಆಗ ಕನ್ನಡಕ ಇರಲಿಲ್ಲ.

ತಂಗಿ: ಹಾಗಾದರೆ ಈಗ ನಡೆಸುವವರು ಯಾರು ದೊಡ್ಡಪ್ಪ? ಪ್ರಿನ್ಸಿಪಾಲರಾ, ಬಿಷಪರಾ?

ದೊಡ್ಡಪ್ಪ: ಇಂಥ ಕಾಲೇಜುಗಳಲ್ಲಿ ದಿನದ ಕೆಲಸ ಪ್ರಿನ್ಸಿಪಾಲರದು. ಪಾಠ, ಹಾಸ್ಟೆಲ್, ಪ್ರಾರ್ಥನೆ, ಮೆಸ್ಸಿನ ಸಾಂಬಾರಿನವರೆಗೆ. ಮೇಲೆ ಮಂಡಳಿ, ಅದರಲ್ಲಿ ಸಭೆಗಳ ಹಿರಿಯರು. ಪದವಿ ಕೊಡುವುದು ಮಾತ್ರ ಬಂಗಾಳದ ಸೆರಾಂಪುರ ಕಾಲೇಜಿನ ಸೆನೆಟ್. ಅಲ್ಲಿಗೆ ಪದವಿ ಕೊಡುವ ಅಧಿಕಾರ ಬಂದದ್ದು 1827ರಲ್ಲಿ, ಡೆನ್ಮಾರ್ಕಿನ ರಾಜ ಕೊಟ್ಟ ಸನ್ನದಿನಿಂದ. ಸೆರಾಂಪುರ ಆಗ ಡೇನರ ಊರು.

ಚಿಕ್ಕಪ್ಪ: ನೋಡಿದಿರಾ? ಮಂಗಳೂರಿನ ಹುಡುಗ ಬಲ್ಮಠದಲ್ಲಿ ಕನ್ನಡದಲ್ಲಿ ಓದುತ್ತಾನೆ, ಸರ್ಟಿಫಿಕೇಟಿನ ಬೇರು ಡೆನ್ಮಾರ್ಕಿನಲ್ಲಿ. ನಾನು ಹೇಳಿದ್ದೂ ಅದೇ. ಬೀಗದ ಕೈ ಯಾವಾಗಲೂ ಬೇರೆ ಕಡೆ.

ನಾನು: ಅದಕ್ಕೇ ಚಿಕ್ಕಪ್ಪ, ‘ಸಂಸ್ಥಾಪಕರು’ ಅಂತ ಒಬ್ಬರ ಫೋಟೋ ನಡುವೆ ಇಟ್ಟರೆ ಸುಳ್ಳಾಗುತ್ತದೆ. ಮೊಗ್ಲಿಂಗ್ ಫೋಟೋ ಇಟ್ಟರೂ ಅರ್ಧ ಸುಳ್ಳೇ. ಭಾವ, ಇದನ್ನು ಬೇರೆ ಗ್ರೂಪಿಗೆ ಕಳಿಸಬೇಡಿ ದಯವಿಟ್ಟು.

(ಇಲ್ಲಿ ಭಾವ ‘ಟೈಪಿಂಗ್’ ಅಂತ ಬಂತು, ಹೋಯಿತು, ಮತ್ತೆ ಬಂತು.)

ಭಾವ: ಸಭೆಯ ಗ್ರೂಪಿಗೆ ನಿನ್ನೆಯೇ ಹಾಕಿದೆ. ಅಯ್ಯನವರಿಗೆ ಇಷ್ಟವಾಗಿ, ಬರುವ ಭಾನುವಾರಕ್ಕೆ ದೊಡ್ಡ ಫ್ಲೆಕ್ಸ್ ಮಾಡಿಸಿ ಅಂದರು. ಅಡ್ವಾನ್ಸ್ ಕೊಟ್ಟಾಯ್ತು.

ಅಕ್ಕ: ಯಾರ ದುಡ್ಡು?

ಭಾವ: ನಮ್ಮದೇ.

ಅಕ್ಕ: ನನಗೆ ಹೇಳದೆ?

ನಾನು: ಪ್ರಿಂಟ್ ಆಗಿದೆಯಾ?

ಭಾವ: ಇಲ್ಲ, ನಾಳೆ ಅಂದಿದ್ದಾನೆ. ಈಗ ಫೋನ್ ಮಾಡುತ್ತೇನೆ. ಏನು ಬದಲಾಯಿಸಬೇಕು, ಒಂದೇ ಮೆಸೇಜಿನಲ್ಲಿ ಬರೆಯಿರಿ. ಹತ್ತು ಜನ ಹತ್ತು ಹೇಳಬೇಡಿ.

ತಂಗಿ: ಮೊಗ್ಲಿಂಗ್, ಕೌಂಡಿನ್ಯ ಸೇರಿಸಿ. ‘ಸಂಸ್ಥಾಪಕರು’ ತೆಗೆಯಿರಿ. ಕಿಟ್ಟೆಲ್ ಇರಲಿ, ಸ್ವಲ್ಪ ಸಣ್ಣದಾಗಿ.

ಅಕ್ಕ: ಪೌಲಿನ್.

ಚಿಕ್ಕಪ್ಪ: ಫ್ಲೆಕ್ಸಿನವನ ಹತ್ತಿರ ರಸೀದಿ ತೆಗೆದುಕೋ.

ದೊಡ್ಡಪ್ಪ: ತುಮಕೂರು. ದಪ್ಪ ಅಕ್ಷರದಲ್ಲಿ.